ಬೀಗ ಬಿಡಿಸುವ ಕೆಲಸವನ್ನು ಲಿಸನರ್‌ಗೆ ಒಪ್ಪಿಸಿದೆ

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ನಾನು ಬರೆದುಕೊಟ್ಟ ಜಾವಾ ವೆಬ್ ತಂತ್ರಾಂಶದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಒಬ್ಬ ಗುಮಾಸ್ತರು ರಾಶಿಯದೋ ಬೆಟ್ಟೆಯದೋ (ಅಡಿಕೆಯ ಬಗೆಗಳು) ಲಾಟ್ ತೆರೆದು ತೂಕ ತಿದ್ದುತ್ತಿರುವಾಗ ಇನ್ನೊಬ್ಬರು ಅದನ್ನು ಮುಟ್ಟುವಂತಿಲ್ಲ. ತೆರೆದ ಲಾಟಿನ ವಿವರ ಸೆಷನ್‌ನಲ್ಲಿ, ಅಂದರೆ ಒಬ್ಬೊಬ್ಬ ಬಳಕೆದಾರರಿಗೂ ಸರ್ವರ್ ಇಟ್ಟುಕೊಳ್ಳುವ ತಾತ್ಕಾಲಿಕ ನೆನಪಿನಲ್ಲಿರುತ್ತದೆ, ಬೀಗದ ದಾಖಲೆ ಡೇಟಾಬೇಸ್‌ನಲ್ಲಿ. ಬೀಗ ಹಾಕುವುದು ಸುಲಭ, ಬಿಡಿಸುವುದು ಕಷ್ಟ. ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಶಾಖೆಯಲ್ಲಿ ಕರೆಂಟ್ ಹೋದರೆ ಯಾರೂ ಲಾಗ್‌ಔಟ್ ಮಾಡಿರುವುದಿಲ್ಲ. ಬ್ರೌಸರ್ ಮುಚ್ಚಿಹೋದ ಸುದ್ದಿ ಸರ್ವರ್‌ಗೆ ತಲುಪುವುದೂ ಇಲ್ಲ.

ಹಾಗಾಗಿ ಬೀಗ ಬಿಡಿಸುವ ಕೋಡನ್ನು ಪುಟಪುಟಕ್ಕೂ ಹಂಚದೆ ಎಚ್‌ಟಿಟಿಪಿ ಸೆಷನ್ ಆಟ್ರಿಬ್ಯೂಟ್ ಲಿಸನರ್ ಒಂದರಲ್ಲೇ ಇಟ್ಟೆ. ಸೆಷನ್‌ನಲ್ಲಿ ಒಂದು ಹೆಸರು ಕೊಟ್ಟು ಇಡುವ ಮೌಲ್ಯವೇ ಆಟ್ರಿಬ್ಯೂಟ್; ಅದನ್ನು ಇಟ್ಟಾಗ, ಬದಲಿಸಿದಾಗ, ತೆಗೆದಾಗ ಸರ್ವರ್ ತಾನಾಗಿ ಕರೆಯುವ ಕೋಡ್ ಈ ಲಿಸನರ್. ಗುಮಾಸ್ತರು ಕೆಲಸ ಮುಗಿಸಲಿ, ಕೋಡ್ ಆ ಹೆಸರಿಗೆ ನಲ್ (ಏನೂ ಇಲ್ಲ ಎಂಬ ಮೌಲ್ಯ) ಇಡಲಿ, ಲಾಗ್‌ಔಟ್ ಆಗಲಿ, ಸೆಷನ್‌ನ ಅವಧಿ ತೀರಲಿ, ಎಲ್ಲಕ್ಕೂ ಲಿಸನರ್‌ನ ಆಟ್ರಿಬ್ಯೂಟ್‌ರಿಮೂವ್ಡ್ ಎಂಬ ಭಾಗ ಓಡುತ್ತದೆ. ಒಂದು ಲಾಟ್ ಬಿಟ್ಟು ನೇರವಾಗಿ ಇನ್ನೊಂದಕ್ಕೆ ಹೋದಾಗ ಮಾತ್ರ ಓಡುವುದು ಆಟ್ರಿಬ್ಯೂಟ್‌ರಿಪ್ಲೇಸ್ಡ್. ಅಲ್ಲಿ ಗೆಟ್‌ವ್ಯಾಲ್ಯೂ ಹಳೆಯ ಮೌಲ್ಯವನ್ನು ಕೊಡುತ್ತದೆ. ಹೊಸದು ಬೇಕಾದರೆ ಸೆಷನ್‌ನಿಂದ ಪಡೆಯಬೇಕು. ನನಗೆ ಬೇಕಾದದ್ದು ಹಳೆಯದೇ, ಬೀಗ ಬಿಡಬೇಕಾದ ಲಾಟ್ ಅದೇ ತಾನೆ!

ಲಾಟುಗಳ ಪಟ್ಟಿಯನ್ನೇ ಸೆಷನ್‌ನಲ್ಲಿಟ್ಟು ಅದಕ್ಕೆ ಸೇರಿಸುತ್ತಾ ತೆಗೆಯುತ್ತಾ ಹೋಗುವ ವಿಧಾನವನ್ನು ನಾನು ಬಳಸಲಿಲ್ಲ. ಪಟ್ಟಿಯೊಳಗೆ ಏನೇ ಬದಲಾದರೂ ಲಿಸನರ್‌ಗೆ ಗೊತ್ತಾಗುವುದಿಲ್ಲ. ಅದು ಗಮನಿಸುವುದು ಆ ಹೆಸರಿನಲ್ಲಿ ಇಡುವುದನ್ನು, ತೆಗೆಯುವುದನ್ನು ಮಾತ್ರ. ಲಾಟ್ ಸಂಖ್ಯೆ ಮತ್ತು ಗುಮಾಸ್ತರ ಗುರುತು ಇರುವ, ಒಮ್ಮೆ ರಚಿಸಿದ ಮೇಲೆ ಬದಲಾಗದ ಚಿಕ್ಕ ಆಬ್ಜೆಕ್ಟ್ ಒಂದನ್ನು ಇಡುತ್ತೇನೆ. ಇದಕ್ಕೆ ಇನ್ನೊಂದು ಬಲವಾದ ಕಾರಣವಿದೆ. ಈ ತಂತ್ರಾಂಶವನ್ನು ಓಡಿಸುವ ಸರ್ವರ್ ಆದ ಟಾಮ್‌ಕ್ಯಾಟ್‌ನಲ್ಲಿ ಅವಧಿ ತೀರಿದಾಗ ಆಟ್ರಿಬ್ಯೂಟ್‌ರಿಮೂವ್ಡ್ ಓಡುವ ಹೊತ್ತಿಗೆ ಸೆಷನ್ ಅಮಾನ್ಯವಾಗಿರುತ್ತದೆ. ಆಗ ಅದರಿಂದ ಬೇರೆ ಆಟ್ರಿಬ್ಯೂಟ್ ಕೇಳಿದರೆ ಇಲ್ಲೀಗಲ್‌ಸ್ಟೇಟ್ ಎಕ್ಸೆಪ್ಶನ್ ಎಂಬ ದೋಷ ಬರುತ್ತದೆ. ಬೇಕಾದದ್ದೆಲ್ಲ ಗೆಟ್‌ವ್ಯಾಲ್ಯೂನಲ್ಲೇ ಸಿಗುವಂತಿರಬೇಕು. ಲಿಸನರ್ ಇಡೀ ಅಪ್ಲಿಕೇಶನ್‌ಗೆ ಒಂದೇ, ಅದನ್ನು ಏಕಕಾಲಕ್ಕೆ ಓಡಿಸುವ ಥ್ರೆಡ್‌ಗಳು ಹಲವು; ಆದ್ದರಿಂದ ಅದರೊಳಗೆ ಯಾವ ಸ್ಥಿತಿಯನ್ನೂ ಇಟ್ಟಿಲ್ಲ.

ಬೀಗಗಳನ್ನು ಮೆಮೊರಿಯಲ್ಲಿಡದೆ ಡೇಟಾಬೇಸ್‌ನಲ್ಲಿಟ್ಟದ್ದು ಮರುಚಾಲನೆಯನ್ನು ಯೋಚಿಸಿ. ಟಾಮ್‌ಕ್ಯಾಟ್ 9 ಸರಿಯಾಗಿ ನಿಂತು ಮತ್ತೆ ಎದ್ದಾಗ ಹಳೆಯ ಸೆಷನ್‌ಗಳನ್ನು ಫೈಲಿನಿಂದ ಓದಿಕೊಳ್ಳುತ್ತದೆ, ಆದರೆ ಅವುಗಳಿಗಾಗಿ, ಹೊಸ ಆಟ್ರಿಬ್ಯೂಟ್ ಇಟ್ಟಾಗ ಓಡುವ ಆಟ್ರಿಬ್ಯೂಟ್‌ಆಡೆಡ್ ಅನ್ನು ಓಡಿಸುವುದಿಲ್ಲ. ಮೆಮೊರಿಯಲ್ಲಿದ್ದರೆ ಸೆಷನ್ ಉಳಿದು ಬೀಗ ಮಾಯವಾಗುತ್ತಿತ್ತು. ಚಿಕ್ಕ ಆಬ್ಜೆಕ್ಟ್ ಸೀರಿಯಲೈಸಬಲ್ (ಫೈಲಿಗೆ ಬರೆಯಲು ಬರುವಂಥದ್ದು) ಆಗಿರಲೇಬೇಕು, ಇಲ್ಲವಾದರೆ ಅದು ಫೈಲಿಗೇ ಹೋಗದು.

ಟಾಮ್‌ಕ್ಯಾಟ್‌ನ ಮೂಲ ಅವಧಿ 30 ನಿಮಿಷ. ಟೆಂಡರ್ ಹೊತ್ತಿನಲ್ಲಿ ಅಷ್ಟು ಕಾಯಲಾಗದು, ಹಾಗಾಗಿ 10ಕ್ಕೆ ಇಳಿಸಿದ್ದೇನೆ. ಅವಧಿ ತೀರಿದ ಸೆಷನ್‌ಗಳನ್ನು ಅದು ಸುಮಾರು ನಿಮಿಷಕ್ಕೊಮ್ಮೆ ಹುಡುಕುವುದರಿಂದ, ಕರೆಂಟ್ ಹೋದ ಶಾಖೆಯ ಲಾಟ್ ಹೆಚ್ಚೆಂದರೆ 11 ನಿಮಿಷದಲ್ಲಿ ಬೇರೆಯವರಿಗೆ ತೆರೆದುಕೊಳ್ಳುತ್ತದೆ.