ಸುರಕ್ಷತಾ ಸಮೀಕ್ಷೆ ಕಾಗದದಿಂದ ವೆಬ್‌ಗೆ: ನನ್ನ ಅನುಭವ

ಪ್ರತಿ ವರ್ಷ ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನಕ್ಕೆ ಮೊದಲು ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ನಡೆಯುವ ಸಮೀಕ್ಷೆಯನ್ನು ವೆಬ್‌ಗೆ ತರುತ್ತೇನೆಂದಾಗ, ಪ್ರೆಸ್ (ಲೋಹವನ್ನು ಒತ್ತಿ ಆಕಾರ ಕೊಡುವ ಯಂತ್ರ) ನಡೆಸುವವರು ಅದನ್ನು ಮುಟ್ಟುವುದೇ ಇಲ್ಲವೆಂದು ಪ್ರೊಡಕ್ಷನ್ ವಿಭಾಗದವರು ನಕ್ಕಿದ್ದರು. ಈ ಸಲ ಗುತ್ತಿಗೆಯವರೂ ಸೇರಿದಂತೆ ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಜನ ಉತ್ತರಿಸಿದ್ದಾರೆ.

ಮೊದಲ ತೊಡಕು ಫಾಂಟಿನದು. ಹಳೆಯ ಪ್ರಶ್ನಾವಳಿ ಯೂನಿಕೋಡ್ ಅಲ್ಲದ ನುಡಿ ಅಕ್ಷರಗಳಲ್ಲಿದ್ದು, ಗೂಗಲ್ ಫಾರ್ಮ್‌ಗೆ ಅಂಟಿಸಿದೊಡನೆ ಓದಲಾಗದ ಚಿಹ್ನೆಗಳಾಗುತ್ತಿತ್ತು. ಪರಿವರ್ತಿಸಿದ ಮೇಲೂ ಅರ್ಕಾವತ್ತುಗಳನ್ನು ಕೈಯಿಂದಲೇ ತಿದ್ದಬೇಕಾಯಿತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಒಬ್ಬರಿಗೆ ಒಂದೇ ಉತ್ತರವೆಂಬ ನಿರ್ಬಂಧ ಹಾಕಿದರೆ ಗೂಗಲ್ ಲಾಗಿನ್ ಕೇಳುತ್ತದೆ, ಲಾಗಿನ್ ಕಂಡರೆ ತಮ್ಮ ಹೆಸರು ಮೇಲಿನವರಿಗೆ ತಿಳಿಯುತ್ತದೆಂದು ಜನ ಹಿಂದೆ ಸರಿಯುತ್ತಾರೆ. ಹೀಗಾಗಿ ಲೈಮ್‌ಸರ್ವೆ ಎಂಬ ಸಮೀಕ್ಷಾ ತಂತ್ರಾಂಶಕ್ಕೆ ಹೋಗಿ, ಒಮ್ಮೆ ಮಾತ್ರ ಬಳಸಬಹುದಾದ ಸಂಖ್ಯೆಗಳ ಚೀಟಿಗಳನ್ನು ಡಬ್ಬದಲ್ಲಿ ಹಾಕಿಟ್ಟು, ಕಾರ್ಮಿಕರೇ ಎತ್ತಿಕೊಳ್ಳುವಂತೆ ಮಾಡಿದೆ.

ಗೇಟಿನಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಪೂರ್ತಿ ಸೋತಿತು. ಅದರ ನೇರ ಮೇಲೆ ಸಿಸಿಟಿವಿ ಕ್ಯಾಮೆರಾ ಇತ್ತು, ಒಳಗೆ ಮೊಬೈಲ್ ನಿಷೇಧವಿತ್ತು. ಕ್ಯಾಂಟೀನಿನಲ್ಲಿ ಟ್ಯಾಬ್ ಇಟ್ಟಾಗ ಸೂಪರ್‌ವೈಸರ್‌ಗಳು ಹಿಂದಿನಿಂದ ಇಣುಕುತ್ತಿದ್ದರು. ಕೊನೆಗೆ ಪ್ರಥಮ ಚಿಕಿತ್ಸಾ ಕೊಠಡಿಯ ಪರದೆಯ ಹಿಂದೆ ಎರಡು ಟ್ಯಾಬ್‌ಗಳನ್ನು ಇಟ್ಟು, ಓದಲು ಬಾರದವರಿಗಾಗಿ ಪ್ರಶ್ನೆಗಳನ್ನು ಕನ್ನಡ, ಹಿಂದಿ, ಒಡಿಯಾಗಳಲ್ಲಿ ಧ್ವನಿಮುದ್ರಿಸಿ ಹೆಡ್‌ಫೋನ್ ಕೊಟ್ಟ ಮೇಲೆ ಸಾಲು ನಿಲ್ಲತೊಡಗಿತು. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆನೆಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅರ್ಧಕ್ಕೇ ಬಿಟ್ಟುಹೋಗುವವರು ಕಡಿಮೆಯಾದದ್ದು ಅದರಿಂದಲೇ.

ಟ್ಯಾಬ್, ಹೆಡ್‌ಫೋನ್‌ಗಳಿಗೆ ನೆನಪಿನಂತೆ 25 ಸಾವಿರ, ಸರ್ವರ್‌ಗೆ ವರ್ಷಕ್ಕೆ ಆರೇಳು ಸಾವಿರ ತಗುಲಿತು. ಮುದ್ರಣಕ್ಕೂ ಹೊರಗಡೆ ಡೇಟಾ ಎಂಟ್ರಿ ಮಾಡಿಸಲಿಕ್ಕೂ ಹಿಂದೆ ಪ್ರತಿ ವರ್ಷ 40 ಸಾವಿರದಷ್ಟು ಹೋಗುತ್ತಿತ್ತು. ಲೆಕ್ಕಪತ್ರ ವಿಭಾಗದವರು ಒಪ್ಪಿದ್ದು ಈ ಒಂದು ವಾದಕ್ಕೆ ಮಾತ್ರ.

ನಡುವೆ ಕುತೂಹಲಕ್ಕೆಂದು ಒಂದು ಪಾಳಿಗೆ ಕಾಗದವನ್ನೂ ಇನ್ನೊಂದಕ್ಕೆ ಟ್ಯಾಬನ್ನೂ ಕೊಟ್ಟು ನೋಡಿದೆ. ಗಾರ್ಡ್ (ಯಂತ್ರಕ್ಕೆ ಕೈ ಸಿಗದಂತೆ ತಡೆಯುವ ಕವಚ) ತೆಗೆದು ಪ್ರೆಸ್ ನಡೆಸಿದ್ದುಂಟೇ ಎಂಬ ಪ್ರಶ್ನೆಗೆ ಕಾಗದದಲ್ಲಿ ಹೌದೆಂದವರು ಬೆರಳೆಣಿಕೆಯಷ್ಟು, ಟ್ಯಾಬಿನಲ್ಲಿ ಮೂರರಲ್ಲೊಂದು ಪಾಲು. ಕಾಗದದ ಹಾಳೆಗಳಲ್ಲಿ ಎಷ್ಟೋ ಮಂದಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲಿನಲ್ಲಿ ಗುರುತು ಹಾಕಿದ್ದರು. ಸಮೀಕ್ಷೆಯ ಸುರಕ್ಷತಾ ಅಂಕ ಇಳಿದದ್ದನ್ನು ಕಂಡು ಆಡಳಿತದವರು ಗಾಬರಿಗೊಂಡರು, ನನಗೆ ಮಾತ್ರ ಅದೇ ಗೆಲುವಾಗಿ ಕಂಡಿತು.

ನಮ್ಮಲ್ಲಿ ಅಪಾಯಕಾರಿ ಪ್ರಕ್ರಿಯೆಯೆಂದು ಎಣಿಸಲಾಗುವ ಪ್ಲೇಟಿಂಗ್ (ಲೋಹಲೇಪನ) ವಿಭಾಗವಿದ್ದು, ಹಿಂದಿನ ಕಾರ್ಖಾನೆಗಳ ಕಾಯ್ದೆಗೆ 1987ರಲ್ಲಿ ಸೇರಿದ 41-ಜಿ ಕಲಮಿನಂತೆ ರಚನೆಯಾದ, ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿಯಿದೆ. ಗಾರ್ಡ್ ಏಕೆ ತೆಗೆಯುತ್ತೀರೆಂಬುದಕ್ಕೆ ಧ್ವನಿಯಲ್ಲಿ ಬಂದ ಉತ್ತರಗಳನ್ನು ಅಲ್ಲಿ ಕೇಳಿಸಿದರೆ ದನಿ ಗುರುತು ಸಿಕ್ಕೀತೆಂದು ಬರೆಹಕ್ಕಿಳಿಸಿ ಓದಿದೆ. ಗಾರ್ಡ್ ಇದ್ದರೆ ಡೈಯಲ್ಲಿ (ಪ್ರೆಸ್‌ನ ಅಚ್ಚಿನಲ್ಲಿ) ಸಿಕ್ಕಿಕೊಂಡ ಸ್ಕ್ರ್ಯಾಪ್ ತೆಗೆಯಲಾಗದು, ಟಾರ್ಗೆಟ್ ಮುಟ್ಟದು ಎಂಬುದೇ ಹೆಚ್ಚಿನವರ ಉತ್ತರವಾಗಿತ್ತು. ಸ್ಕ್ರ್ಯಾಪನ್ನು ಗಾಳಿಯಿಂದ ಹೊರದೂಡುವ ವ್ಯವಸ್ಥೆಗೆ ಅದೇ ಸಭೆಯಲ್ಲಿ ಮಂಜೂರಾತಿ ಸಿಕ್ಕಿತು, ಸದ್ಯಕ್ಕೆ ಹಳೆಯ ಪ್ರೆಸ್‌ಗಳಿಗೆ ಮಾತ್ರ.