ಮೂರು ನಿಮಿಷದಲ್ಲಿ ಮಂಗನ ಕಾಯಿಲೆ

ರಾಜ್ಯಸಭೆಯ ಶೂನ್ಯ ವೇಳೆಯಲ್ಲಿ ಒಬ್ಬ ಸದಸ್ಯನಿಗೆ ಸಿಗುವುದು ಮೂರು ನಿಮಿಷ. ಅದು ಮುಗಿದ ಕ್ಷಣದಲ್ಲಿ ಮೈಕ್ ತಾನಾಗಿಯೇ ಆರಿಹೋಗುತ್ತದೆ. ಬಾಯಲ್ಲಿದ್ದ ವಾಕ್ಯ ಬಾಯಲ್ಲೇ ಉಳಿಯುತ್ತದೆ. ಮಲೆನಾಡಿನ ಮಂಗನ ಕಾಯಿಲೆಯ ಬಗ್ಗೆ ನಾನು ಮೊದಲ ಸಲ ಮಾತನಾಡಿದಾಗ ಆದದ್ದು ಹೀಗೆಯೇ. ವೈದ್ಯರ ಕೊರತೆ, ಆಂಬುಲೆನ್ಸ್, ಲಸಿಕೆ, ರಕ್ತಪರೀಕ್ಷೆಯ ವಿಳಂಬ, ಮೃತರ ಕುಟುಂಬಕ್ಕೆ ಪರಿಹಾರ, ಸತ್ತ ಮಂಗಗಳ ವಿಲೇವಾರಿ, ಮೈಗೆ ಹಚ್ಚುವ ಎಣ್ಣೆ ಎಂದು ಏಳು ಸಂಗತಿಗಳನ್ನು ಬರೆದುಕೊಂಡು ಹೋಗಿದ್ದೆ. ಆರನೆಯದಕ್ಕೆ ಬರುವಷ್ಟರಲ್ಲಿ ಮೈಕ್ ನಿಂತಿತು. ಸಭಾಪತಿಗಳು ಮುಂದಿನವರ ಹೆಸರು ಕರೆದರು. ಪಕ್ಕದ ಆಸನದ ಹಿರಿಯ ಸದಸ್ಯರು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ: "ಅದೆಲ್ಲ ಸರಿ, ನಿಮಗೆ ಬೇಕಾದ್ದು ಯಾವುದು?"

ಆ ವಿಷಯ ನನಗೆ ಹೊಸದಾಗಿರಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗಳ ಜನರಿಗೆ ವಿಪರೀತ ಜ್ವರ ಕಾಣಿಸಿಕೊಂಡಾಗ ಪತ್ತೆಯಾದ ವೈರಸ್ ಇದು. ಕಾಡಿನ ಹೆಸರೇ ಕಾಯಿಲೆಯ ಹೆಸರಾಗಿ ಜಗತ್ತಿನ ವೈದ್ಯಕೀಯ ಪುಸ್ತಕಗಳನ್ನು ಸೇರಿತು. ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳುವಿನಿಂದ. ಮಂಗವೂ ಮನುಷ್ಯನಂತೆಯೇ ಅದರ ಬಲಿಪಶು. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಜನ ಕೊಟ್ಟಿಗೆಗೆಂದು ಸೊಪ್ಪಿನಬೆಟ್ಟದಲ್ಲಿ ದರಗು (ಒಣಗಿದ ಎಲೆ) ಗುಡಿಸುವ, ದನ ಮೇಯಿಸುವ, ಸೌದೆ ತರುವ ಕಾಲದಲ್ಲಿಯೇ ಇದರ ಹಾವಳಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಸಾವುಗಳಾದ ಮೇಲೆ ನಾನು ಆ ಕಡೆಯ ಹಳ್ಳಿಗಳಿಗೆ ಹೋಗಿ ಬಂದಿದ್ದೆ. ಕಂಡದ್ದನ್ನೆಲ್ಲ ಒಂದೇ ಉಸಿರಿನಲ್ಲಿ ದೆಹಲಿಯಲ್ಲಿ ಸುರಿದುಬಿಡಬೇಕೆಂಬ ಆತುರವೇ ನನ್ನ ಮೊದಲ ಭಾಷಣವನ್ನು ಕೆಡಿಸಿತು.

ಅನಂತರ ಲಿಖಿತ ಪ್ರಶ್ನೆಯ ದಾರಿ ಹಿಡಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಮೌಖಿಕವಾಗಿ ಉತ್ತರಿಸುತ್ತಾರೆ, ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಮುದ್ರಿತ ಉತ್ತರ ಮಾತ್ರ. ದಿನಕ್ಕೆ ಚುಕ್ಕೆಯ ಪ್ರಶ್ನೆಗಳು 15, ಅದೂ ಲಾಟರಿಯಲ್ಲಿ ಹೆಸರು ಬಂದರೆ. ನನ್ನ ಹೆಸರು ಬರಲಿಲ್ಲ, ಹೀಗಾಗಿ ಚುಕ್ಕೆ ಇಲ್ಲದ ಪ್ರಶ್ನೆಯಾಯಿತು. ಪೀಡಿತ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ಎಷ್ಟು ವೈದ್ಯರ ಹುದ್ದೆ ಖಾಲಿ ಇವೆ, ತುಂಬಲು ಸರ್ಕಾರ ಏನು ಮಾಡಿದೆ ಎಂದು ಕೇಳಿದ್ದೆ. ಉತ್ತರದ ಮೊದಲ ಸಾಲು ಓದಿದಾಗಲೇ ಉಳಿದದ್ದನ್ನು ಓದುವ ಅಗತ್ಯವಿಲ್ಲವೆಂದು ತಿಳಿಯಿತು: ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯದ ವಿಷಯವಾಗಿವೆ. ಆರೋಗ್ಯದ ಬಗ್ಗೆ ಪ್ರಶ್ನೆ ಕೇಳಿದ ಪ್ರತಿಯೊಬ್ಬ ಸಂಸದನಿಗೂ ಈ ಸಾಲು ಕಂಠಪಾಠವಾಗಿರುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 6ನೇ ನಮೂದು ಇದೇ. ಬಾಗಿಲು ತಟ್ಟಿದವನು ನಾನು, ತಟ್ಟಿದ್ದು ಮಾತ್ರ ಬೇರೆಯವರ ಮನೆಯ ಬಾಗಿಲು.

ಸಿಟ್ಟು ಇಳಿದ ಮೇಲೆ ಅದೇ ಅನುಸೂಚಿಯನ್ನು ತೆಗೆದು ಕೂತು ಓದಿದೆ. ಸಮವರ್ತಿ ಪಟ್ಟಿಯ 29ನೇ ನಮೂದಿನಲ್ಲಿ ಬೇಕಾದದ್ದು ಸಿಕ್ಕಿತು. ಮನುಷ್ಯರು, ಪ್ರಾಣಿಗಳು ಅಥವಾ ಸಸ್ಯಗಳನ್ನು ಬಾಧಿಸುವ ಸಾಂಕ್ರಾಮಿಕ ರೋಗ ಮತ್ತು ಪೀಡೆಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹರಡದಂತೆ ತಡೆಯುವ ವಿಷಯ ಅಲ್ಲಿದೆ. ಆ ಪಟ್ಟಿಯ ಮೇಲೆ ಕೇಂದ್ರಕ್ಕೂ ಅಧಿಕಾರವಿದೆ. ದಶಕಗಳ ಕಾಲ ಶಿವಮೊಗ್ಗ ಮತ್ತು ಸುತ್ತಲಿನ ಜಿಲ್ಲೆಗಳ ಕಾಯಿಲೆಯೆಂದೇ ಎಣಿಸಲಾಗಿದ್ದ ಇದು 2012ರ ನಂತರ ಬಂಡೀಪುರ, ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಪಶ್ಚಿಮಘಟ್ಟದುದ್ದಕ್ಕೂ ಕಾಣಿಸಿಕೊಂಡಿದೆ. ಉಣುಗಿಗೆ ರಾಜ್ಯದ ಗಡಿ ಗೊತ್ತಿಲ್ಲ. ಮಲೆನಾಡಿನ ಕಷ್ಟವೆಂದು ಹೇಳಿದರೆ ದೆಹಲಿಗೆ ಅದು ಕರ್ನಾಟಕದ ಕಡತ. ಐದು ರಾಜ್ಯಗಳಿಗೆ ಹಬ್ಬಿದ ರೋಗವೆಂದು ಹೇಳಿದರೆ ಅದು ಕೇಂದ್ರದ ಕಡತ. ಹೇಳುವ ಸಂಗತಿ ಒಂದೇ, ಹಿಡಿಯುವ ತುದಿ ಬೇರೆ.

ಮುಂದಿನ ಅಧಿವೇಶನಕ್ಕೆ ಪ್ರಶ್ನೆಯನ್ನು ಹೊಸದಾಗಿ ಬರೆದೆ. ಪ್ರಶ್ನೆಗೆ ಹದಿನೈದು ದಿನ ಮುಂಚಿತವಾಗಿ ಸೂಚನೆ ಕೊಡಬೇಕಾದ್ದರಿಂದ ಅದನ್ನು ಅಧಿವೇಶನದ ಗದ್ದಲದಲ್ಲಿ ಬರೆಯುವಂತಿಲ್ಲ, ಊರಿನಲ್ಲಿದ್ದಾಗಲೇ ಸಿದ್ಧವಾಗಿರಬೇಕು. ಈ ಸಲ ಆಸ್ಪತ್ರೆ, ಹುದ್ದೆ, ಆಂಬುಲೆನ್ಸ್ ಎಂಬ ಪದಗಳೇ ಬರದಂತೆ ನೋಡಿಕೊಂಡೆ. ಯಾವ ಯಾವ ರಾಜ್ಯಗಳಲ್ಲಿ ಈ ರೋಗ ವರದಿಯಾಗಿದೆ. ರಾಜ್ಯಗಳ ನಡುವೆ ಮಾಹಿತಿ ಹಂಚಿಕೆಗೆ ಏನು ವ್ಯವಸ್ಥೆಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೊಸ ಲಸಿಕೆಯ ಸಂಶೋಧನೆ ಕೈಗೊಂಡಿದೆಯೇ. ಹೌದಾದರೆ ವಿವರಗಳೇನು, ಇಲ್ಲವಾದರೆ ಕಾರಣಗಳೇನು. ಕೊನೆಯ ಈ ಎರಡು ತುಂಡುಗಳನ್ನು ಹೊಸ ಸದಸ್ಯರು ಬರೀ ಶಿಷ್ಟಾಚಾರವೆಂದು ತಿಳಿಯುತ್ತಾರೆ. ಅವಿಲ್ಲದಿದ್ದರೆ ಉತ್ತರ "ಹೌದು ಸರ್" ಎಂಬಲ್ಲಿಗೆ ಮುಗಿದುಹೋಗಬಹುದು.

ಲಸಿಕೆಯನ್ನೇ ಹಿಡಿದದ್ದಕ್ಕೆ ಕಾರಣವಿತ್ತು. ಆಗ ಬಳಕೆಯಲ್ಲಿದ್ದದ್ದು ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಹಳೆಯ ಲಸಿಕೆ. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ವರ್ಷವರ್ಷವೂ ಬೂಸ್ಟರ್. ಎರಡು ಡೋಸಿನಿಂದ ಸಿಗುವ ರಕ್ಷಣೆ ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು ಎಂದು ಶಿವಮೊಗ್ಗದ ದಾಖಲೆಗಳನ್ನು ಆಧರಿಸಿದ ಅಧ್ಯಯನವೊಂದು ಹೇಳಿತ್ತು. ಚುಚ್ಚಿದ ಕಡೆ ಬಹಳ ನೋವಾಗುತ್ತಿದ್ದುದರಿಂದ ಎರಡನೆಯ ಡೋಸಿಗೇ ಜನ ಮನೆಯಲ್ಲಿ ಸಿಗುತ್ತಿರಲಿಲ್ಲ. ಆ ಲಸಿಕೆಯನ್ನು ಮುಂದೆ 2022ರಲ್ಲಿ ನಿಲ್ಲಿಸಲಾಯಿತು. ಹೊಸದನ್ನು ಕಂಡುಹಿಡಿಯುವುದು ಒಂದು ಜಿಲ್ಲೆಯಿಂದ ಆಗುವ ಕೆಲಸವಲ್ಲ, ಅದಕ್ಕೆ ಕೇಂದ್ರದ ಪ್ರಯೋಗಾಲಯಗಳೇ ಬೇಕು.

ಉತ್ತರ ಬಂತು. ರಾಜ್ಯದ ವಿಷಯ ಎಂಬ ಸಾಲು ಈ ಸಲವೂ ಇತ್ತು, ಆದರೆ ಮೂರನೆಯ ಪ್ಯಾರಾಕ್ಕೆ ಜಾರಿತ್ತು. ಒಂದು ಭಾಗಕ್ಕೆ ಮಾತ್ರ ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಮಂಡಿಸಲಾಗುವುದು ಎಂದಿತ್ತು. ನನ್ನ ಆಪ್ತ ಸಹಾಯಕ ಇದನ್ನು ಓದಿ ಬೇಸರದಿಂದ ಕಡತ ಮುಚ್ಚಿದ. ನಾನು ಮತ್ತೆ ತೆರೆಸಿದೆ. ಆ ವಾಕ್ಯ ಸರ್ಕಾರದ ಭರವಸೆಯೆಂದು ದಾಖಲಾಗುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು, ಇಲ್ಲದಿದ್ದರೆ ಕಾಲಾವಕಾಶ ಕೇಳಬೇಕು, ಇದರ ಬೆನ್ನು ಹತ್ತುವುದಕ್ಕೆಂದೇ ಸರ್ಕಾರಿ ಭರವಸೆಗಳ ಸಮಿತಿ ಇದೆ. ಹಾರಿಕೆಯಂತೆ ಕಾಣುವ ಉತ್ತರವೇ ಕೆಲವೊಮ್ಮೆ ಹೆಚ್ಚು ಕಾಲ ಬದುಕುತ್ತದೆ.

ಶೂನ್ಯ ವೇಳೆಗೆ ಮತ್ತೆ ಅವಕಾಶ ಸಿಕ್ಕಾಗ ಕನ್ನಡದಲ್ಲಿಯೇ ಮಾತನಾಡಲು ತೀರ್ಮಾನಿಸಿದೆ. ಮುಂಚಿತವಾಗಿ ತಿಳಿಸಿದರೆ ಭಾಷಾಂತರಕಾರರು ಸಿದ್ಧರಿರುತ್ತಾರೆ. ಸಚಿವರು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾರೆ. ಇಲ್ಲೊಂದು ಅಪಾಯವನ್ನು ಸ್ವಲ್ಪದರಲ್ಲಿ ತಪ್ಪಿಸಿಕೊಂಡೆ. ಹಿಂದಿನ ಸಂಜೆ ಟಿಪ್ಪಣಿಯ ಪ್ರತಿಯನ್ನು ಭಾಷಾಂತರಕಾರರಿಗೆ ಕೊಟ್ಟಾಗ ಅವರು "ಇದು ಮಂಗನಬಾವು ತಾನೇ?" ಎಂದು ಕೇಳಿದರು. ಮಂಗನಬಾವು ಎಂದರೆ ಮಕ್ಕಳಿಗೆ ಕೆನ್ನೆ ಊದುವ ಕಾಯಿಲೆ, ಅದಕ್ಕೂ ಇದಕ್ಕೂ ಮಂಗದ ಹೆಸರೊಂದನ್ನು ಬಿಟ್ಟರೆ ಸಂಬಂಧವಿಲ್ಲ. ಅವರು ಬೆಂಗಳೂರಿನವರು, ಅವರ ತಪ್ಪೇನೂ ಅಲ್ಲ. ಮೊದಲ ವಾಕ್ಯದಲ್ಲಿಯೇ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಪೂರ್ಣ ಹೆಸರನ್ನು ಸೇರಿಸಿದೆ, ಉಣುಗು ಎಂಬಲ್ಲಿ ಉಣ್ಣೆ ಎಂದು ತಿದ್ದಿದೆ, ಅದು ಕುರಿಯ ಉಣ್ಣೆಯಾಗದಿರಲೆಂದು ರಕ್ತ ಹೀರುವ ಕೀಟ ಎಂದೂ ಬರೆದೆ. (2022ರಲ್ಲಿ ಮಂಕಿಪಾಕ್ಸ್ ಸುದ್ದಿಯಾದಾಗ ಈ ಹೆಸರುಗಳ ಗೊಂದಲ ಇನ್ನಷ್ಟಾಯಿತು.) ಗಡಿಯಾರ ಇಟ್ಟುಕೊಂಡು ನಾಲ್ಕು ಸಲ ಓದಿದೆ. ಭಾಷಾಂತರ ನಮ್ಮ ಮಾತಿಗಿಂತ ಕೆಲವು ಕ್ಷಣ ಹಿಂದೆ ಬರುವುದರಿಂದ, ಬೇಡಿಕೆಯನ್ನು ಕೊನೆಗಿಟ್ಟರೆ ನಮ್ಮ ಮೈಕ್ ಆರುವ ಹೊತ್ತಿಗೆ ಅದು ಸಚಿವರ ಕಿವಿಗೆ ತಲುಪಿರುವುದಿಲ್ಲ. ಆದ್ದರಿಂದ ಬೇಡಿಕೆಯನ್ನು ಮೊದಲ ಅರ್ಧ ನಿಮಿಷದಲ್ಲಿ ಇಟ್ಟೆ: ಹೊಸ ಲಸಿಕೆಗೆ ಕಾಲಮಿತಿ ಹಾಕಿ, ಐದು ರಾಜ್ಯಗಳನ್ನು ಒಂದೇ ಮೇಜಿಗೆ ಕರೆಯಿರಿ.

ಉಳಿದ ಎರಡೂವರೆ ನಿಮಿಷದಲ್ಲಿ ಒಂದೇ ಘಟನೆ ಹೇಳಿದೆ. ಹಳ್ಳಿಯಲ್ಲಿ ಭೇಟಿಯಾಗಿದ್ದ ಆಶಾ ಕಾರ್ಯಕರ್ತೆಯೊಬ್ಬರು ತಮ್ಮ ಚೀಲದಿಂದ ಡೀಪಾ ಎಣ್ಣೆಯ ಸಣ್ಣ ಬಾಟಲಿಯನ್ನು ತೆಗೆದು ನನ್ನ ಅಂಗೈಗೆ ಹಾಕಿದ್ದರು. ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆ ಅದು. "ಬೆಳಗ್ಗೆ ಹಚ್ಕಂಡು ಬೆಟ್ಟ ಹತ್ತಿದ್ರೆ ಹತ್ತು ಗಂಟೆಗೆ ಬೆವರಲ್ಲೇ ಹೋಗತ್ತೆ ಸಾರ್. ದರಗಿನ ಹೊರೆ ತಲೆ ಮೇಲಿರುವಾಗ ಮತ್ತೆ ಯಾರು ಹಚ್ತಾರೆ?" ಎಂದಿದ್ದರು. ಆ ಬಾಟಲಿಯನ್ನು ಸದನದಲ್ಲಿ ಎತ್ತಿ ತೋರಿಸಬೇಕೆಂದು ದೆಹಲಿಯವರೆಗೂ ಒಯ್ದಿದ್ದೆ. ಸದನದೊಳಗೆ ವಸ್ತುಗಳನ್ನು ಪ್ರದರ್ಶಿಸುವುದು ನಿಯಮಕ್ಕೆ ವಿರುದ್ಧ, ಆದ್ದರಿಂದ ಕೋಣೆಯಲ್ಲೇ ಬಿಟ್ಟೆ. ಬಾಟಲಿಯ ಬದಲು ಅವರ ಪ್ರಶ್ನೆಯನ್ನು ಇದ್ದ ಹಾಗೆಯೇ ಓದಿದೆ. ಮೂರು ನಿಮಿಷಕ್ಕೆ ಹತ್ತು ಸೆಕೆಂಡು ಉಳಿದಿರುವಾಗ ಕುಳಿತೆ. ಕೇರಳ ಮತ್ತು ಗೋವಾದ ಇಬ್ಬರು ಸದಸ್ಯರು ನನ್ನ ಪ್ರಸ್ತಾಪದೊಂದಿಗೆ ತಮ್ಮನ್ನು ಸೇರಿಸಿಕೊಳ್ಳುವುದಾಗಿ ಎದ್ದು ಹೇಳಿದರು. ಅವರ ಮನೆಗೆ ಹಿಂದಿನ ವಾರವೇ ಹೋಗಿ ಕೇಳಿಕೊಂಡಿದ್ದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಅಂಥ ಬೆಂಬಲ ತಾನಾಗಿ ಬರುವುದು ಅಪರೂಪ.

ರಾಜ್ಯ ಸರ್ಕಾರವನ್ನು ನಾನು ಅಲ್ಲಿ ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ಪತ್ರಿಕೆಯಲ್ಲಿ ಹೆಸರು ದೊಡ್ಡದಾಗಿ ಬರುತ್ತಿತ್ತು, ಸಚಿವರಿಗೂ ಹೊಣೆ ಜಾರಿಸಲು ಅನುಕೂಲವಾಗುತ್ತಿತ್ತು. ವೈದ್ಯರ ಹುದ್ದೆ ಮತ್ತು ಪರಿಹಾರದ ಮಾತನ್ನು ಬೆಂಗಳೂರಿನಲ್ಲಿ, ಜಿಲ್ಲಾ ಮಟ್ಟದ ಸಭೆಗಳಲ್ಲಿ ಆಡಿದೆ. ಅದರ ಫಲ ಅರ್ಧಂಬರ್ಧ.

ಭಾಷಣದ ಅಚ್ಚು ಪ್ರತಿ ತಿದ್ದುವುದಕ್ಕೆಂದು ಬಂದಾಗ ಕಾಯಿಲೆಯ ಹೆಸರು ಸರಿಯಾಗಿಯೇ ಇತ್ತು. ದರಗು ಎಂಬುದು ಮಾತ್ರ ಇಂಗ್ಲಿಷಿನಲ್ಲಿ ಕಸವಾಗಿತ್ತು. ಒಣಗಿದ ಎಲೆ ಎಂದು ಅಂಚಿನಲ್ಲಿ ಬರೆದು, ಸಹಿ ಮಾಡಿ, ಹಿಂದಿರುಗಿಸಿದೆ.