ಗೋಡೆಯ ಮೇಲೆ ಹಿಮ್ಮಡಿಯ ಗುರುತು

ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಯೊಂದರ ಸೀರೆ ವಿಭಾಗದಲ್ಲಿ ನಾನು ಕೆಲಸಕ್ಕೆ ನಿಂತು ಹದಿನೇಳು ವರ್ಷ. ಬೆಳಿಗ್ಗೆ ಒಂಬತ್ತೂವರೆಗೆ ನಿಂತರೆ ರಾತ್ರಿ ಷಟರ್ ಎಳೆಯುವವರೆಗೂ ನಿಂತೇ ಇರಬೇಕು. ಹಿಂದಿನವರು ಬಿಳಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಸೀರೆ ಬಿಡಿಸುತ್ತಿದ್ದರು. ನಮ್ಮ ಕಾಲಕ್ಕೆ ಗಾದಿ ಹೋಗಿ ಕೌಂಟರ್ ಬಂತು. ಅಂಗಡಿ ಕೆಲಸಗಾರರಿಗೆ ಕುಳಿತುಕೊಳ್ಳಲು ಅನುಕೂಲ ಮಾಡಿಕೊಡಬೇಕೆಂದು ಪಕ್ಕದ ಕೇರಳದಲ್ಲಿ 2018ರಲ್ಲೇ ಕಾಯ್ದೆ ತಿದ್ದಿದರು. ನಮಗೂ ಸ್ಟೂಲ್ ಇದೆ, ಮೇಲಿನ ಕಪಾಟಿನಿಂದ ಸೀರೆ ತೆಗೆಯುವುದಕ್ಕೆ.

ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹತ್ತಿ ಮನೆ ಮುಟ್ಟುವಾಗ ಮೀನಖಂಡ ಕಲ್ಲಾಗಿರುತ್ತಿತ್ತು, ಪಾದದ ಮೇಲೆ ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತಿತ್ತು. ಬಲ ಸೊಂಟದಲ್ಲಿ ಬಿಗಿತ ಬೇರೆ. ನಾನು ಸದಾ ಬಲಗಾಲಿಗೇ ಭಾರ ಕೊಟ್ಟು ನಿಲ್ಲುವವನೆಂಬುದು, ಆ ಚಪ್ಪಲಿಯೊಂದೇ ಬೇಗ ಸವೆಯುವುದನ್ನು ಅಮ್ಮ ತೋರಿಸಿದ ಮೇಲೆ ತಿಳಿಯಿತು.

ಇದಕ್ಕೆ ಮೊಬೈಲಿನಲ್ಲಿ ವ್ಯಾಯಾಮ ನೋಡಿ ಮೊದಲು ಮಾಡಿದ್ದು ಶುದ್ಧ ಹಟ. ಕಾಲು ಚಾಚಿ ಕುಳಿತು, ಹೆಬ್ಬೆರಳು ಹಿಡಿಯಲೇಬೇಕೆಂದು ಜಗ್ಗಿದೆ. ತೊಡೆಯ ಹಿಂಭಾಗ ಹಿಡಿದುಕೊಂಡು ವಾರವಿಡೀ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಆಗ ನೆರೆಮನೆಯ ಯೋಗ ಶಿಕ್ಷಕಿಯೊಬ್ಬರು, “ದಣಿದ ಕಾಲನ್ನು ಎಳೆಯಬೇಡಿ. ಮೈಗೂ ನೆಲಕ್ಕೂ ನಡುವೆ ಎಲ್ಲಿ ಸಂದಿ ಇದೆಯೋ ಅಲ್ಲಿ ಬಟ್ಟೆ ತುಂಬಿಸಿ, ಸುಮ್ಮನೆ ಮಲಗಿ” ಎಂದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಕಂಬಳಿ, ಬೆಲ್ಟು, ಇಟ್ಟಿಗೆಗಳ ಆಧಾರ ಕೊಟ್ಟು ಆಸನ ಕಲಿಸುತ್ತಿದ್ದುದು ಇದೇ ಲೆಕ್ಕದಲ್ಲಿ ಎಂದೂ ಹೇಳಿದರು. ಬಟ್ಟೆ ಮಡಚುವುದು ನನ್ನ ಕಸುಬೇ ಅಲ್ಲವೇ!

ಈಗ ರಾತ್ರಿ ಊಟಕ್ಕೆ ಮೊದಲು ಕಾಲು ತೊಳೆದು ಚಾಪೆ ಹಾಸುತ್ತೇನೆ. ದಪ್ಪ ಚಾದರವನ್ನು ನಾಲ್ಕು ಬೆರಳು ಎತ್ತರವಾಗುವಂತೆ ಮಡಚಿ, ಗೋಡೆಯಿಂದ ಒಂದು ಗೇಣು ದೂರ ಇಡುತ್ತೇನೆ. ಅದರ ಮೇಲೆ ಗೋಡೆಗೆ ಪಕ್ಕೆ ಕೊಟ್ಟು ಕುಳಿತು, ಮೈ ತಿರುಗಿಸುತ್ತಾ ಕಾಲುಗಳನ್ನು ಗೋಡೆಗೆ ಏರಿಸಿ, ಬೆನ್ನನ್ನು ನೆಲಕ್ಕೆ ಇಳಿಸುತ್ತೇನೆ. ಸೊಂಟ ಮಡಿಕೆಯ ಮೇಲೆ, ತಲೆ ನೆಲದ ಮೇಲೆ. ವಿಪರೀತ ಕರಣಿ ಎಂದು ಇದರ ಹೆಸರು. ಮಂಡಿಯ ಹಿಂದೆ ಎಳೆತ ಬಂದರೆ ಗೋಡೆಯಿಂದ ಇನ್ನಷ್ಟು ಹಿಂದೆ ಸರಿಯಬೇಕು. ನಾನು ಮೊದಲ ತಿಂಗಳು ಒಂದು ಮೊಳ ದೂರದಲ್ಲೇ ಇದ್ದೆ. ಎರಡು ನಿಮಿಷ ಏನೂ ಆಗುವುದಿಲ್ಲ, ಮಾಡಿನ ಹಂಚು ಎಣಿಸುತ್ತಿರುತ್ತೇನೆ. ಆಮೇಲೆ ಪಾದದ ಬಿಸಿ ಇಳಿಯತೊಡಗುತ್ತದೆ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ನಿಂತಲ್ಲೇ ನಿಂತವನಿಗೆ ಆ ಪಂಪು ಓಡುವುದಿಲ್ಲ, ರಕ್ತ ಕೆಳಗೇ ತಂಗುತ್ತದೆ. ಕಾಲು ಮೇಲಾದರೆ ಅದು ತಾನಾಗಿ ಹಿಂದಿರುಗುತ್ತದೆ. ಎಂಟು ಹತ್ತು ನಿಮಿಷ ಸಾಕು. ಪಾದ ಜೋಮು ಹಿಡಿದರೆ ಮಂಡಿ ಮಡಚಿಬಿಡುತ್ತೇನೆ.

ಸೊಂಟಕ್ಕೆ ಸುಪ್ತ ಬದ್ಧಕೋಣಾಸನ. ಅಂಗಾತ ಮಲಗಿ, ಅಂಗಾಲು ಅಂಗಾಲಿಗೆ ಜೋಡಿಸಿ, ಮಂಡಿಗಳನ್ನು ಎರಡು ಬದಿಗೆ ಬಿಡುವುದು. ಬಿಟ್ಟ ಮಂಡಿ ಗಾಳಿಯಲ್ಲಿ ತೂಗಬಾರದು. ಅಮ್ಮನ ಎರಡು ಹಳೆಯ ನೂಲಿನ ಸೀರೆಗಳನ್ನು ಒಂದೇ ಗಾತ್ರಕ್ಕೆ ಸುತ್ತಿ ತೊಡೆಯ ಅಡಿಗೆ ಒತ್ತುತ್ತೇನೆ. ಒಳತೊಡೆ ಸಣ್ಣಗೆ ನಡುಗಿದರೆ ಸುರುಳಿ ಸಾಲದು ಎಂದು ಅರ್ಥ. ಇನ್ನೊಂದು ಸುತ್ತು ಬೇಕು. ಬಲಗಡೆಗೆ ನನಗೆ ಈಗಲೂ ಒಂದು ಬೈರಾಸು (ಟವೆಲ್) ಹೆಚ್ಚು ಬೇಕಾಗುತ್ತದೆ.

ಕೊನೆಗೆ ಮಲಗಿದಲ್ಲೇ ಮಂಡಿ ಮಡಚಿ, ಬಲ ಪಾದದ ಗಂಟನ್ನು ಎಡ ಮಂಡಿಯ ಮೇಲಿಟ್ಟು, ಎಡ ತೊಡೆಯ ಹಿಂದೆ ಬೈರಾಸು ಹಾಕಿ ಹಿಡಿದು ಹತ್ತು ನಿಧಾನದ ಉಸಿರು. ಮತ್ತೆ ಕಾಲು ಬದಲು. ಏಳುವಾಗ ಮಗ್ಗುಲಿಗೆ ಹೊರಳಿ, ಸ್ವಲ್ಪ ತಡೆದು ಏಳುವುದು.

ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರು, ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು ವೈದ್ಯರನ್ನು ಕೇಳದೆ ಕಾಲು ಮೇಲೆ ಮಾಡಬಾರದು. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಬಿಸಿಯಾಗಿ ನೋಯುತ್ತಿದ್ದರೆ ಗೋಡೆಯ ಹತ್ತಿರ ಅಲ್ಲ, ನೇರ ಆಸ್ಪತ್ರೆಗೆ ಹೋಗಬೇಕು.

ಮಳೆಗಾಲದ ಆಟಿ (ತುಳುವರ ಆಷಾಢ) ತಿಂಗಳ ರಿಯಾಯಿತಿ ಮಾರಾಟದ ದಿನಗಳಲ್ಲಿ ಮಾತ್ರ ಇಷ್ಟೂ ಆಗುವುದಿಲ್ಲ, ಗೋಡೆಯೊಂದೇ. ಅಂಗಡಿಯಲ್ಲಿ ಸೀರೆ ತೋರಿಸುತ್ತಲೇ ಹಿಮ್ಮಡಿ ಎತ್ತಿ ಇಳಿಸುತ್ತಿರುತ್ತೇನೆ. ಕೌಂಟರ್ ಸೊಂಟದವರೆಗೆ ಇರುವುದರಿಂದ ಗಿರಾಕಿಗಳಿಗೆ ಕಾಣುವುದಿಲ್ಲ.

ಕಳೆದ ಚೌತಿಗೆ ಸುಣ್ಣ ಹೊಡೆಸಿದ ಗೋಡೆಯಲ್ಲಿ ಎರಡು ಹಿಮ್ಮಡಿಗಳ ಮಾಸಲು ಆಗಲೇ ಮೂಡಿದೆ. ಅಮ್ಮ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಾರೆ. ರಾತ್ರಿ ಅದನ್ನು ತೆಗೆದು ಬದಿಗಿಟ್ಟು ಕಾಲೇರಿಸುತ್ತೇನೆ. ಬೆಳಿಗ್ಗೆ ನೋಡಿದರೆ ಮತ್ತೆ ಮೊಳೆಯಲ್ಲಿರುತ್ತದೆ.